ಹಾರೆ ಕುಳವಾದ ವರ್ಷ

ಎಣ್ಣೆ ಉಕ್ಕುವ ಮೊದಲು ಕೊಪ್ಪರಿಗೆಯ ಸದ್ದು ಬದಲಾಗುತ್ತದೆ ಎಂದು ನಮ್ಮ ಘಟಕದಲ್ಲಿ ಎಲ್ಲರೂ ಹೇಳುತ್ತಿದ್ದರು. ನನಗೆ ಆ ಸದ್ದು ಒಮ್ಮೆಯೂ ಮೊದಲೇ ಕೇಳಿಸಲಿಲ್ಲ. ಉಕ್ಕಿ, ಆವಿಯ ಕೊಳವೆಗೆ ನುಗ್ಗಿ, ತಿಳಿ ಎಣ್ಣೆ ಬೀಳಬೇಕಾದ ಪೀಪಾಯಿಗೆ ಡಾಂಬರಿನಂಥದ್ದು ದಬದಬ ಬಿದ್ದ ಮೇಲೆಯೇ ನನಗೆ ಗೊತ್ತಾಗುತ್ತಿದ್ದದ್ದು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಈ ದರ್ಶನವಾಯಿತು. ಕರಾವಳಿಯ ದೊಡ್ಡ ತೈಲಾಗಾರದಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿ ಬಂದವಳೆಂಬ ನನ್ನ ಗತ್ತು ಅಂದು ಆ ಪೀಪಾಯಿಯಲ್ಲೇ ಮುಳುಗಿತು.

ಘಟಕವಿದ್ದದ್ದು ಶಿರಾದ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ. ಯಜಮಾನರು ಮಧುಗಿರಿಯ ವ್ಯಾಪಾರಸ್ಥರ ಮನೆತನದವರು. ಹಿಂದೆ ಅವರ ಮನೆಯವರು ಕಡಲೆಕಾಯಿ ಎಣ್ಣೆ ಗಾಣ ನಡೆಸುತ್ತಿದ್ದರಂತೆ. ಈಗ ಗ್ಯಾರೇಜುಗಳಲ್ಲಿ ಗಾಡಿಯಿಂದ ಇಳಿಸಿದ ಕರಿ ಎಣ್ಣೆಯನ್ನು ಕೊಂಡು ತಂದು ಶುದ್ಧ ಮಾಡುತ್ತಿದ್ದರು. ಶಿರಾದ ಲಾರಿ ಮೆಕ್ಯಾನಿಕ್‌ಗಳಿಂದ ಹಿಡಿದು ಪಾವಗಡದ ಕಡೆ ಬಲಸಮುದ್ರದ ಸೋಲಾರ್ ಬಯಲಿನಲ್ಲಿ ಓಡಾಡುವ ಟ್ರ್ಯಾಕ್ಟರುಗಳವರೆಗೆ ಎಲ್ಲ ಕಡೆಯ ಎಣ್ಣೆ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಕಾಯಿಸಿ ಒಳ್ಳೆಯದನ್ನು ಬೇರೆ ಮಾಡಿದ ಮೇಲೆ ತಳದಲ್ಲಿ ಮಂದವಾದ ಗಸಿ ಉಳಿಯುತ್ತದೆ. ಆ ಗಸಿಯನ್ನು ಎರಡಾಳೆತ್ತರದ ಕಬ್ಬಿಣದ ಪಾತ್ರೆಗೆ ತುಂಬಿ ಇನ್ನೂ ಜೋರಾಗಿ ಬೇಯಿಸಿದರೆ ಅದು ಒಡೆದು, ಆವಿಯಾಗುವುದೆಲ್ಲ ಮೇಲಿನ ಕೊಳವೆಯಲ್ಲಿ ಹೋಗಿ ತಣಿದು ತಿಳಿ ಎಣ್ಣೆಯಾಗುತ್ತದೆ. ಒಳಗೆ ಉಳಿಯುವುದು ಕೋಕ್, ಅಂದರೆ ಒಂದು ಬಗೆಯ ಇದ್ದಿಲು. ದೊಡ್ಡ ತೈಲಾಗಾರಗಳು ಮಾಡುವುದೂ ಇದನ್ನೇ. ಅಲ್ಲಿ ಅದು ಗೋಪುರ, ಇಲ್ಲಿ ಕೊಪ್ಪರಿಗೆ.

ಕೊಪ್ಪರಿಗೆ ಎಂಬುದು ಆಳುಗಳು ಇಟ್ಟ ಹೆಸರು. ಅವರೆಲ್ಲ ಕಳ್ಳಂಬೆಳ್ಳದ ಸುತ್ತಲಿನ ಹಳ್ಳಿಯವರು. ಅವರನ್ನು ಕರೆತಂದಿದ್ದ ಮೇಸ್ತ್ರಿ ಪ್ರಾಯದಲ್ಲಿ ಆಲೆಮನೆಗಳಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವರು. ಯಾರ ಮನೆಯ ಹುಡುಗನನ್ನು ಕರೆತಂದರೂ ಮೊದಲು ಆ ಮನೆಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಇವನಿಗೆ ಏನಾದರೂ ಆದರೆ ನನ್ನನ್ನು ಕೇಳಿ ಎಂದು ಹೇಳಿ ಕರೆತರುವುದು ಅವರ ಪದ್ಧತಿ. ಕಂಪನಿಯ ಕಾಗದಕ್ಕಿಂತ ಆ ಎಲೆ ಅಡಿಕೆಗೇ ಅಲ್ಲಿ ಬೆಲೆ.

ಗಸಿ ಕೊನೆಯ ಹಂತದಲ್ಲಿ ನೊರೆಗಟ್ಟಿ ಏರುವುದೇ ನಮ್ಮ ತಲೆನೋವಾಗಿತ್ತು. ನೊರೆ ಕೊಳವೆಗೆ ಹೋದರೆ ಕೊಳವೆ ಕಟ್ಟಿಕೊಳ್ಳುತ್ತದೆ, ತಿಳಿ ಎಣ್ಣೆಯೂ ಕೆಡುತ್ತದೆ. ಆ ಭಯಕ್ಕೆ ಬೇಗ ಉರಿ ಆರಿಸುತ್ತಿದ್ದರು. ಬೇಗ ಆರಿಸಿದರೆ ಒಳಗಿನದು ಅರೆಬೆಂದು, ಅಂಟಾಗಿ, ಕೆಳಗಿನ ಬಾಗಿಲು ತೆರೆದರೂ ಬೀಳುವುದಿಲ್ಲ. ಆಗ ಪಾತ್ರೆಯನ್ನು ಆರಲು ಬಿಟ್ಟು, ಗಾಳಿ ಊದಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಒಬ್ಬ ಆಳು ಹಾರೆ ಹಿಡಿದು ಮೇಲಿನ ಬಾಯಿಯಿಂದ ಇಳಿಯಬೇಕು. ಅವನು ಕುಟ್ಟಿ ಕುಟ್ಟಿ ಎಬ್ಬಿಸಬೇಕು. ಅರ್ಧ ಗಂಟೆಗೆ ಒಬ್ಬ ಮೇಲೆ ಬಂದರೆ ಇನ್ನೊಬ್ಬ ಇಳಿಯುತ್ತಾನೆ. ಮೇಲೆ ಬಂದವನು ಮೊದಲು ಕೆಮ್ಮುತ್ತಾನೆ, ಆಮೇಲೆ ನೀರು ಕೇಳುತ್ತಾನೆ.

ನೊರೆಗೆ ಮದ್ದಿಲ್ಲದೆ ಏನಿಲ್ಲ. ಸಿಲಿಕೋನ್ ಎಂಬ ಜೇನಿನಂಥ ದ್ರವವನ್ನು ಡೀಸೆಲ್‌ನಲ್ಲಿ ಬೆರೆಸಿ ಸ್ವಲ್ಪ ಸ್ವಲ್ಪವೇ ಬಿಟ್ಟರೆ ನೊರೆಯ ಗುಳ್ಳೆಗಳು ಒಡೆಯುತ್ತವೆ. ನೊರೆ ಏರದಿದ್ದರೆ ಪೂರ್ತಿ ಬೇಯಿಸಬಹುದು. ಪೂರ್ತಿ ಬೆಂದರೆ ಕೋಕ್ ಒಣಗಿ, ಬಿರುಕು ಬಿಟ್ಟು, ಬಾಗಿಲು ತೆರೆದ ಕೂಡಲೇ ತಾನಾಗಿ ಉದುರುತ್ತದೆ. ಯಾರೂ ಇಳಿಯಬೇಕಾಗಿಲ್ಲ. ಯಜಮಾನರಿಗೆ ನಾನು ಹೇಳಿದ್ದು ಇಷ್ಟನ್ನೇ. ಅವರು ಲೆಕ್ಕ ಹಾಕಿ, ಎಣ್ಣೆಯೂ ಹೆಚ್ಚು ಬರುತ್ತದಲ್ಲವೇ ಎಂದು ಕೇಳಿ ಒಪ್ಪಿದರು. ಮೇಸ್ತ್ರಿ ಮಾತ್ರ ಒಂದೇ ಪ್ರಶ್ನೆ ಕೇಳಿದರು.

"ಯಾರೂ ಇಳಿಯಂಗಿಲ್ವಾ ಮೇಡಮ್ಮ?"

ಯಾರೂ ಇಳಿಯಬೇಕಾಗಿಲ್ಲ ಎಂದೆ.

ಔಷಧಿ ಬಂತು. ಹೊಲಕ್ಕೆ ಹೊಡೆಯುವುದರಿಂದ ಹಿಡಿದು ಬಾವಿಗೆ ಹಾಕುವುದರವರೆಗೆ ಇಲ್ಲಿ ಎಲ್ಲವೂ ಔಷಧಿಯೇ. ಪಾತ್ರೆಯ ಗೋಡೆಗೆ ಮೂರು ಎತ್ತರದಲ್ಲಿ ತಾಪಮಾಪಕಗಳನ್ನು ಕೂರಿಸಿದೆವು. ನೊರೆ ಎಲ್ಲಿಗೆ ಬಂದಿದೆ ಎಂಬುದು ಅವುಗಳ ಮುಳ್ಳಿನಿಂದ ತಿಳಿಯುತ್ತದೆ. ಔಷಧಿ ಬಿಡಲು ಹೊಸ ತೂತು ಕೊರೆಯುವ ಗೋಜು ಬೇಡವೆಂದು ಇದ್ದ ಒಂದೇ ಮೂತಿಯನ್ನು ಬಳಸಿದೆವು. ಅದು ಆವಿಯ ಕೊಳವೆಗೆ ತೀರ ಹತ್ತಿರವಿತ್ತು. ನಡುವಿನ ಮಾಪಕ ಕಾಯುವ ಹೊತ್ತಿಗೇ, ನೊರೆ ಮೇಲಕ್ಕೆ ಏರುವ ಮೊದಲೇ, ಹನಿಹನಿಯಾಗಿ ಬಿಡಲು ಶುರು ಮಾಡಬೇಕೆಂದು ಎಲ್ಲರನ್ನೂ ಕೂರಿಸಿ ಹೇಳಿದೆ. ಮೇಸ್ತ್ರಿ ಔಷಧಿಯನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ, ಇದು ಬೆಲ್ಲದ ಕೊಪ್ಪರಿಗೆಗೆ ಬಿಡುವ ಹರಳೆಣ್ಣೆಯ ತಮ್ಮ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಷ್ಟು ಬೇಗ ಅರ್ಥವಾಯಿತಲ್ಲ ಎಂದು ಖುಷಿಪಟ್ಟೆ.

ಮೊದಲ ಸಲ ಪೂರ್ತಿ ಬೇಯಿಸಿ ಕೆಳಗಿನ ಬಾಗಿಲು ತೆರೆದಾಗ ಕೋಕ್ ಗಡಗಡನೆ ಉದುರಿತು. ಒಬ್ಬ ಆಳು ಬ್ಯಾಟರಿ ಹಿಡಿದು ಮೇಲಿನಿಂದ ಇಣುಕಿ, ತಳ ಕಾಣುತ್ತಿದೆ ಎಂದು ಕೂಗಿದ. ಮೇಸ್ತ್ರಿ ಟವೆಲ್ಲಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆಗೆ ತಿರುಗಿ ನಿಂತರು. ಅವರು ಅಳುತ್ತಿದ್ದಾರೆಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅಷ್ಟು ಸಂತೋಷದ ದಿನ ನನ್ನ ಕೆಲಸದಲ್ಲಿ ಮತ್ತೊಂದಿಲ್ಲ.

ಮಳೆಗಾಲವಿಡೀ ಹಾಗೇ ನಡೆಯಿತು. ಆಯುಧಪೂಜೆಗೆ ಪಂಪು, ಸ್ಪ್ಯಾನರು, ತಕ್ಕಡಿ ಎಲ್ಲಕ್ಕೂ ಕುಂಕುಮ ಬಿತ್ತು. ಹಾರೆಗಳು ಮಾತ್ರ ಅಲ್ಲಿರಲಿಲ್ಲ. ಯಜಮಾನರ ಒಪ್ಪಿಗೆ ಕೇಳಿಕೊಂಡು ಮೇಸ್ತ್ರಿ ಅವುಗಳನ್ನು ಕಮ್ಮಾರನ ಕುಲುಮೆಗೆ ಒಯ್ದು ನೇಗಿಲ ಕುಳ ಮಾಡಿಸಿದ್ದರು. ವಿಜಯದಶಮಿಯ ದಿನ ಒಂದೊಂದೇ ಆಳಿನ ಮನೆಗೆ ಹೋಗಿ, ಎಲೆ ಅಡಿಕೆಯ ಮೇಲೆ ಕುಳವಿಟ್ಟು, ನಿಮ್ಮ ಹುಡುಗ ಹಿಡಿದು ಇಳಿಯುತ್ತಿದ್ದ ಹಾರೆ ಇದು, ಇನ್ನು ಮೇಲೆ ಯಾರೂ ಇಳಿಯುವುದಿಲ್ಲ ಎಂದು ಹೇಳಿ ಕೊಟ್ಟುಬಂದರು. ಉಳುವುದೆಲ್ಲ ಈಗ ಟ್ರ್ಯಾಕ್ಟರಿನಲ್ಲೇ. ಆದರೂ ಯುಗಾದಿಗೆ ಶಾಸ್ತ್ರಕ್ಕೆ ಮೊದಲ ಸಾಲು ಉಳುವ ಹೊನ್ನಾರಿಗೆಂದು ಎಲ್ಲ ಮನೆಯಲ್ಲೂ ಒಂದು ನೇಗಿಲು ಉಳಿದಿರುತ್ತದೆ. ಸುದ್ದಿ ಕೇಳಿ ನನಗೆ ಹೆಮ್ಮೆಯಾಯಿತು. ಇಷ್ಟು ಬೇಗ ಬೇಡವಿತ್ತೇನೋ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ತಿಳಿ ಎಣ್ಣೆ ಕೊಳ್ಳುವ ಕಾರ್ಖಾನೆಯವರ ಫೋನು ಬಂತು. ಅವರು ಆ ಎಣ್ಣೆಯನ್ನು ಇನ್ನಷ್ಟು ಶುದ್ಧಗೊಳಿಸಲು ಕ್ಯಾಟಲಿಸ್ಟ್ ಎಂಬ ಬೆಲೆಬಾಳುವ ಕಾಳುಗಳ ಮೂಲಕ ಹಾಯಿಸುತ್ತಾರೆ. ಕಾಳುಗಳು ಸಾಯುತ್ತಿವೆ, ನಿಮ್ಮ ಎಣ್ಣೆಯಲ್ಲಿ ಸಿಲಿಕಾನ್ ಸಿಕ್ಕಿದೆ ಎಂದರು. ನಮ್ಮ ಸಿಲಿಕೋನ್ ಔಷಧಿಯ ಮೂಲವಸ್ತುವೇ ಅದು. ಔಷಧಿ ಮಿತಿಮೀರಿದರೆ ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಬಿಸಿಗೆ ಅದೂ ಒಡೆದು ಆವಿಯ ಜೊತೆ ಹಾರಿಹೋಗುತ್ತದೆ. ಆದರೆ ನಾನು ಹೇಳಿದ ಪ್ರಮಾಣದಲ್ಲಿ ಅಷ್ಟು ಹೋಗಬಾರದಿತ್ತು.

ಒಂದು ಬೇಯಿಸುವಿಕೆ ಪೂರ್ತಿ ಪಾತ್ರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ನಡುವಿನ ಮಾಪಕ ಕಾಯಿತು. ಯಾರೂ ಔಷಧಿಯ ನಲ್ಲಿ ಮುಟ್ಟಲಿಲ್ಲ. ಮೇಲಿನ ಮಾಪಕದ ಮುಳ್ಳು ಏಳಲು ತೊಡಗಿದಾಗ ಮೇಸ್ತ್ರಿ ಎದ್ದು, ನಲ್ಲಿಯನ್ನು ಪೂರ್ತಿ ತಿರುಗಿಸಿ, ಸೌಟಿನಲ್ಲಿ ಸುರಿದ ಹಾಗೆ ಬಿಟ್ಟರು. ನೊರೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು, ಮತ್ತೆ ಸುರಿದರು.

ಯಾಕೆಂದು ಕೇಳಿದೆ. ಬೆಲ್ಲಕ್ಕೆ ಹರಳೆಣ್ಣೆಯನ್ನು ಉಕ್ಕು ಬಂದ ಮೇಲೆಯೇ ಬಿಡಬೇಕಂತೆ. ಮೊದಲೇ ಬಿಟ್ಟರೆ ಪಾಕ ಕೆಟ್ಟು ಅಚ್ಚು ಗಟ್ಟಿಯಾಗುವುದಿಲ್ಲವಂತೆ. ನಾನು ಮೊದಲೇ ಬಿಡಿ ಎಂದದ್ದು ಪುಸ್ತಕದ ಮಾತು, ಕೊಪ್ಪರಿಗೆಯ ಮುಂದೆ ಕೂತವರು ಹದ ನೋಡಿ ಮಾಡಬೇಕು ಎಂದು ಎಲ್ಲರೂ ತಿಳಿದಿದ್ದರು. ನನಗೆ ಮರ್ಯಾದೆ ಕೊಟ್ಟೇ ನನ್ನ ಮಾತನ್ನು ತಿದ್ದಿಕೊಂಡಿದ್ದರು. ಯಾರನ್ನು ಬೈಯಲಿ? ಬೆಲ್ಲದ ಹೋಲಿಕೆಗೆ ಅಂದು ನಕ್ಕು ಒಪ್ಪಿದವಳು ನಾನೇ.

ಬಿಡಿಸಿ ಹೇಳಿದ ಮೇಲೆ ಮೇಸ್ತ್ರಿ ತಿದ್ದಿಕೊಂಡರು. ಮುಂದಿನ ಸಲದಿಂದ ನಡುವಿನ ಮಾಪಕ ಕಾದ ಕೂಡಲೇ ಹನಿ ಶುರುವಾಯಿತು. ಎಣ್ಣೆಯಲ್ಲಿ ಸಿಲಿಕಾನ್ ಕಡಿಮೆಯಾಯಿತು, ಆದರೆ ಕೊಳ್ಳುವವರ ಮಿತಿಗೆ ಇಳಿಯಲಿಲ್ಲ. ಆವಿಯ ಕೊಳವೆಯಿಂದ ದೂರಕ್ಕೆ, ಪಾತ್ರೆಯ ಇನ್ನೊಂದು ಮಗ್ಗುಲಿಗೆ ಹೊಸ ಮೂತಿಯನ್ನು ಬೆಸುಗೆ ಮಾಡಿಸಿದೆ. ಇನ್ನೂ ಕಡಿಮೆಯಾಯಿತು. ಬೇಗ ಒಡೆಯದ, ಹೆಚ್ಚು ಮಂದವಾದ ಔಷಧಿ ತರಿಸಿದೆ, ಆಗಲೂ ಮಿತಿ ಮುಟ್ಟಲಿಲ್ಲ. ಸಿಟ್ಟಿಗೆ ಒಮ್ಮೆ ನಿಜವಾದ ಹರಳೆಣ್ಣೆಯನ್ನೇ ಬಿಟ್ಟು ನೋಡಿದೆ. ಅದು ಆ ಬಿಸಿಗೆ ಹೊಗೆಯಾಗಿ ಹೋಯಿತು, ನೊರೆಯೇನೂ ಅದಕ್ಕೆ ಹೆದರಲಿಲ್ಲ. ಅಷ್ಟರಲ್ಲಿ ಕೊಳ್ಳುವವರು ಇನ್ನೊಂದು ಟ್ಯಾಂಕರು ಹೀಗೇ ಬಂದರೆ ವ್ಯವಹಾರ ಮುಗಿಯಿತು ಎಂದುಬಿಟ್ಟರು. ನಮ್ಮ ತಿಳಿ ಎಣ್ಣೆಗೆ ಬೇರೆ ಗಿರಾಕಿ ಇರಲಿಲ್ಲ.

ಯಜಮಾನರು ನನ್ನನ್ನೂ ಮೇಸ್ತ್ರಿಯನ್ನೂ ಕರೆಸಿದರು. ಅವರು ಕೆಟ್ಟವರಲ್ಲ. ಅಂದು ಅವರ ಮುಖ ನಿದ್ದೆಗೆಟ್ಟವರ ಹಾಗಿತ್ತು.

"ಮೇಡಂ, ಸುತ್ತಿ ಬಳಸಿ ಬೇಡ. ಔಷಧಿ ಹಾಕಿಯೂ ಅವರು ಒಪ್ಪೋ ಎಣ್ಣೆ ಕೊಡ್ತೀನಿ ಅಂತ ನೀವು ಮಾತು ಕೊಡ್ತೀರಾ?" ಎಂದರು.

ಇವತ್ತಿಗೆ ಕೊಡಲಾರೆ, ಇನ್ನೂ ಸ್ವಲ್ಪ ಸಮಯ ಬೇಕು ಎಂದೆ.

ಸಮಯ ಅವರ ಬಳಿಯೂ ಇರಲಿಲ್ಲ. ಸದ್ಯಕ್ಕೆ ಔಷಧಿ ನಿಲ್ಲಿಸಿ ಹಳೆಯ ಪದ್ಧತಿಗೇ ಹೋಗೋಣ, ಬೇಗ ಉರಿ ಆರಿಸಿ, ಒಳಗಿಳಿದು ತೆಗೆಯೋಣ, ನೀವು ದಾರಿ ಕಂಡುಹಿಡಿಯುವವರೆಗೆ ಮಾತ್ರ ಎಂದರು. ಘಟಕವೇ ಮುಚ್ಚಿದರೆ ಎಲ್ಲರ ಹೊಟ್ಟೆಗೂ ಹೊಡೆತ ಎಂಬುದನ್ನೂ ಸೇರಿಸಿದರು. ಅದು ಸುಳ್ಳಾಗಿರಲಿಲ್ಲ.

ಮೇಸ್ತ್ರಿ ಹಾರೆ ಇಲ್ಲವೆಂದರು. ಹಾರೆ ತರಿಸಿದರಾಯಿತು ಎಂದರು ಯಜಮಾನರು.

"ಹಾರೆ ತರ್ಸ್‌ಬೋದು ಸ್ವಾಮಿ. ಇಳೀರ್ಲಾ ಅಂತ ಅವ್ರಿಗೆ ಹೇಳಕ್ಕೆ ನನ್ ಕೈಲಾಗಕ್ಕಿಲ್ಲ. ಮನೆಮನೇಗೂ ಎಲೆ ಅಡ್ಕೆ ಇಟ್ಟು ಹೇಳ್ಬುಟ್ಟಿದೀನಿ."

ಹೇಳಿ ನನ್ನ ಕಡೆ ನೋಡಿದರು. ಆ ನೋಟ ನನಗೆ ಈಗಲೂ ನೆನಪಿದೆ. ನಾನು ಒಂದು ಮಾತಾಡಬೇಕಿತ್ತು. ಏನೆಂದು ಆಡುವುದು? ಅತ್ತ ದರಿ, ಇತ್ತ ಪುಲಿ. ಔಷಧಿ ನಿಲ್ಲಿಸುವುದೇ ಸರಿ, ಸದ್ಯಕ್ಕೆ ಬೇರೆ ದಾರಿ ಕಾಣುತ್ತಿಲ್ಲ ಎಂದೆ. ನನಗೆ ತಿಳಿದದ್ದರ ಮಟ್ಟಿಗೆ ಅದು ನಿಜವೇ. ಮೇಸ್ತ್ರಿ ತಲೆಯಾಡಿಸಿ, ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋದರು. ತಿರುಗಿ ಬರಲಿಲ್ಲ.

ಆಳುಗಳು ಹೋಗಲಿಲ್ಲ. ಅವರು ಹೇಗೆ ಹೋಗುತ್ತಾರೆ? ಶಿರಾ ಪೇಟೆಯಿಂದ ಹೊಸ ಹಾರೆಗಳು ಬಂದವು, ಅವರು ಇಳಿದರು. ನಾನು ಪ್ರತಿ ಸಲವೂ ಬಾಯಿಯ ಹತ್ತಿರವೇ ನಿಂತು ಗಾಳಿ ಪರೀಕ್ಷಿಸಿಯೇ ಇಳಿಸುತ್ತಿದ್ದೆ. ಆದರೂ ಒಂದು ದಿನ ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ಪದರದ ಅಡಿಯಲ್ಲಿ ಇನ್ನೂ ಬಿಸಿಯಾಗಿದ್ದ ಅಂಟು ಉಳಿದಿತ್ತು. ಹಾರೆ ಒಳಹೊಕ್ಕ ಕೂಡಲೇ ಅದು ಚಿಮ್ಮಿ ಒಬ್ಬನ ಮುಂಗೈಗೆ ಮೆತ್ತಿಕೊಂಡಿತು. ಹಗ್ಗ ಎಳೆದು ಮೇಲೆ ತಂದೆವು. ಅವನು ಹಲ್ಲು ಕಚ್ಚಿಕೊಂಡು ಕೈ ನೋಡಿಕೊಳ್ಳುತ್ತ ಕೂತಿದ್ದ. ಆಸ್ಪತ್ರೆಯ ಖರ್ಚೆಲ್ಲ ಯಜಮಾನರು ನೋಡಿಕೊಂಡರು. ಗಾಯ ಮಾಯಿತು, ಎರಡು ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ.

ಸಂಕ್ರಾಂತಿ ಕಳೆದು ಲಾರಿಗಳ ಮುಷ್ಕರ ಬಂತು. ಲಾರಿ ಓಡದಿದ್ದರೆ ಗ್ಯಾರೇಜಿನಲ್ಲಿ ಎಣ್ಣೆ ಇಳಿಯುವುದಿಲ್ಲ. ಪಾವಗಡದ ಕಡೆಗೆ ಹೋದ ನಮ್ಮ ಗಾಡಿಯವನು ಖಾಲಿ ಪೀಪಾಯಿಗಳೊಂದಿಗೆ ಬಂದು, ಅಲ್ಲಿ ಏಮೀ ಲೇದು, ಏನೂ ಇಲ್ಲ ಎಂದು ಕೈಯಾಡಿಸಿದ. ಇದ್ದ ಗಸಿ ಅರ್ಧ ಪಾತ್ರೆಗೂ ಸಾಲದು. ಸುಮ್ಮನೆ ಕೂರುವುದೇಕೆ, ಇದ್ದಷ್ಟನ್ನೇ ಬೇಯಿಸಿ ಎಂದರು ಯಜಮಾನರು.

ಬೇಯಿಸಿದೆವು. ನೊರೆ ಎದ್ದಿತು, ನಡುವಿನ ಮಾಪಕ ದಾಟಿತು. ಉರಿ ಆರಿಸಲು ನಾನು ಕೈಯೆತ್ತಿಕೊಂಡೇ ನಿಂತಿದ್ದೆ. ಮೇಲಿನ ಮಾಪಕದ ತುಸು ಕೆಳಗೆ ಬಂದು ನೊರೆ ನಿಂತುಬಿಟ್ಟಿತು. ಅದಕ್ಕೆ ಏರಲು ಜಾಗ ಸಿಕ್ಕಿತ್ತು, ಏರಲು ಸರಕಿರಲಿಲ್ಲ. ಅಷ್ಟನ್ನೇ ನಂಬಿಕೊಂಡು ಔಷಧಿಯಿಲ್ಲದೆ ಪೂರ್ತಿ ಬೇಯಿಸುವಂತಿರಲಿಲ್ಲ, ಗಸಿ ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ. ಆದರೆ ಇಷ್ಟು ನೊರೆಗೆ ಮಂದವಾದ ಔಷಧಿಯ ನಾಲ್ಕು ಹನಿ ಸಾಕಲ್ಲವೇ? ಯಜಮಾನರನ್ನು ಬೇಡಿ ಒಂದು ಅವಕಾಶ ಪಡೆದೆ. ಮುಂದಿನ ಸಲ ಅರ್ಧವೇ ತುಂಬಿಸಿ, ದೂರದ ಮೂತಿಯಿಂದ ಹಿಂದಿನ ಪ್ರಮಾಣದ ಒಂದು ಚೂರನ್ನು ಮಾತ್ರ ಹನಿಸಿದೆ. ಕೋಕ್ ಒಣಗಿ ಉದುರಿತು. ಎಣ್ಣೆಯನ್ನು ಕೊಳ್ಳುವವರು ಪರೀಕ್ಷಿಸಿ ಏನೂ ತಕರಾರಿಲ್ಲ ಎಂದರು. ಔಷಧಿಯೂ ಬೇಕಿತ್ತು, ಜಾಗವೂ ಬೇಕಿತ್ತು. ಒಂದು ಸಲ ಬೇಯಿಸುವಲ್ಲಿ ಎರಡು ಸಲ ಬೇಯಿಸಬೇಕು, ಅಷ್ಟೇ. ಯಜಮಾನರು ಗೊಣಗದೆ ಒಪ್ಪಿದರು.

ಇಷ್ಟು ಸುಲಭದ್ದು ನನಗೇಕೆ ಮೊದಲೇ ಹೊಳೆಯಲಿಲ್ಲ? ನಾನು ಕಲಿತ ಕಡೆ ಪಾತ್ರೆಯನ್ನು ಅರ್ಧ ಖಾಲಿ ಬಿಡುವುದೆಂದರೆ ಪಾಪ. ಕತ್ತಿನವರೆಗೆ ತುಂಬಿ, ಉಕ್ಕದ ಹಾಗೆ ಔಷಧಿ ಹಾಕುವುದೇ ಅಲ್ಲಿ ಜಾಣತನ. ಆ ಜಾಣತನವನ್ನೇ ಇಲ್ಲಿಗೂ ಹೊತ್ತು ತಂದಿದ್ದೆ. ಮೇಸ್ತ್ರಿಗೆ ಆಲೆಮನೆಯ ಅಭ್ಯಾಸ ಬಿಡಲಿಲ್ಲ, ನನಗೆ ತೈಲಾಗಾರದ ಅಭ್ಯಾಸ ಬಿಡಲಿಲ್ಲ. ಅವರದನ್ನು ನಾನು ಕಂಡುಹಿಡಿದೆ, ನನ್ನದನ್ನು ಕಂಡುಹಿಡಿಯಲು ಲಾರಿಯವರು ಮುಷ್ಕರ ಹೂಡಬೇಕಾಯಿತು.

ಮೇಸ್ತ್ರಿ ಊರಿನಲ್ಲಿಲ್ಲ, ಕೊರಟಗೆರೆಯ ಕಡೆ ಜಯಮಂಗಲಿಯ ದಡದ ಒಂದು ಆಲೆಮನೆಯಲ್ಲಿದ್ದಾರೆ ಎಂದು ಗೊತ್ತಾಯಿತು. ನನ್ನ ತವರು ಚನ್ನರಾಯನದುರ್ಗ. ಭಾನುವಾರ ಅಲ್ಲಿಗೆ ಹೋದವಳು ಹಾಗೇ ಹುಡುಕಿಕೊಂಡು ಹೋದೆ. ಕೊಪ್ಪರಿಗೆಯ ಮುಂದೆ ನಿಂತಿದ್ದ ಮೇಸ್ತ್ರಿ ನನ್ನನ್ನು ಕಂಡು, ಕೂರಲು ಗೋಣಿಚೀಲ ಹಾಸಿಸಿದರು. ಉಕ್ಕು ಬಂತು. ಹರಳೆಣ್ಣೆಯ ನಾಲ್ಕು ಹನಿ ಬಿಟ್ಟರು, ಇಳಿಯಿತು. ಇಬ್ಬರೂ ಅದನ್ನು ನೋಡಿದೆವು. ಆಮೇಲೆ ಎಲ್ಲವನ್ನೂ ತಿಳಿಸಿ, ಈಗ ಯಾರೂ ಇಳಿಯುತ್ತಿಲ್ಲ, ಬನ್ನಿ ಎಂದು ಕರೆದೆ. ಅವರು ಪಾಕ ತಿರುವುತ್ತಲೇ ಹೇಳಿದರು.

"ನಾನು ಬರಾದು ಇರ್ಲಿ ಕಣಮ್ಮ. ಕೈ ಸುಟ್ಕಂಡನಲ್ಲ, ಅವ್ನ ಅವ್ವಂಗೆ ಹೋಗಿ ಹೇಳ್ಬುಡಿ, ಇನ್ಮ್ಯಾಲೆ ಯಾರೂ ಇಳಿಯಕ್ಕಿಲ್ಲ ಅಂತ. ನಾನು ಹೇಳುದ್ರೆ ನಂಬಕ್ಕಿಲ್ಲ."

ಹೊರಡುವಾಗ ಎಲೆಯಲ್ಲಿ ಬಿಸಿ ಬೆಲ್ಲ ಹಾಕಿಕೊಟ್ಟರು.

ಯುಗಾದಿಗೆ ಮುಂಚೆ ಕಳ್ಳಂಬೆಳ್ಳದ ಹತ್ತಿರದ ಆ ಹಳ್ಳಿಗೆ ಹೋದೆ. ಮನೆಯ ಮುಂದೆ ಹೊನ್ನಾರಿಗೆಂದು ನೇಗಿಲು ತೊಳೆದಿಟ್ಟಿದ್ದರು. ಅದಕ್ಕೆ ಕಟ್ಟಿದ್ದ ಕುಳ ತುಕ್ಕು ಹಿಡಿದ ಹಳೆಯದು. ಆ ತಾಯಿ ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಪಾತ್ರೆ ಅರ್ಧ ತುಂಬಿಸುವುದು, ಔಷಧಿಯ ಪ್ರಮಾಣ, ಒಣಗಿದ ಕೋಕ್ ತಾನಾಗಿ ಉದುರುವುದು, ಎಲ್ಲ. ಇನ್ನು ಮೇಲೆ ಯಾರೂ ಒಳಗೆ ಇಳಿಯುವುದಿಲ್ಲ ಎಂದು ಮುಗಿಸಿದೆ.

"ಮೇಸ್ತ್ರೀನೂ ಇದೇ ಮಾತ್ನ ಹೇಳಿದ್ದ," ಎಂದರು.

ಒಳಗೆ ಹೋಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಏನನ್ನೋ ತಂದು ನನ್ನ ಮಡಿಲಲ್ಲಿಟ್ಟರು. ಬಿಚ್ಚಿ ನೋಡಿದೆ. ಹೊಸ ಕುಳ, ಮಣ್ಣು ಮುಟ್ಟಿರಲಿಲ್ಲ.

"ಇದ್ನ ಅವನ್ಗೇ ಕೊಟ್ಬುಡಿ. ಬೈದು ಕೊಡ್ತಿಲ್ಲ ಕಣಮ್ಮ. ಮಾತು ನಡೀದಿದ್ ಮ್ಯಾಲೆ ಮನೇಲಿ ಇಟ್ಕಂಬಾರ್ದು."

ಘಟಕ ಈಗ ಚೆನ್ನಾಗಿ ನಡೆಯುತ್ತಿದೆ. ಪೇಟೆಯಿಂದ ತಂದ ಹಾರೆಗಳು ಮೂಲೆಯಲ್ಲಿ ನಿಂತಿವೆ. ಕುಳ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ. ಆಲೆಮನೆಯ ದಾರಿ ನನಗೆ ಗೊತ್ತು, ತವರಿಗೆ ಹೋಗುವಾಗಲೆಲ್ಲ ಅದೇ ತಿರುವಿನಲ್ಲಿ ಹಾದುಹೋಗುತ್ತೇನೆ. ಕುಳವನ್ನು ಮೇಸ್ತ್ರಿಯ ಕೈಗೆ ಇನ್ನೂ ಕೊಟ್ಟಿಲ್ಲ.